ಸಾವಿರ ಕುರಿ, ಐದೇ ಫೋಟೊ

ಕೊಡಂಬಲದ ಭೀಮಶಾನ ಟಗರು ಡಾಕ್ಟರ ರಿಜಿಸ್ಟರ್ ತಿಂದುಹಾಕಿದ್ದರಿಂದ ಅವನ ಮಗಳು ಪೂನಂ ಆ್ಯಪ್ ಬರೆಯಲು ಕೂತಳು ಎಂದರೆ ಕೇಳಿದವರು ನಗುತ್ತಾರೆ. ಆದರೆ ನಡೆದದ್ದು ಹಾಗೆಯೇ.

ಪೂನಂಗೆ ಆಗ ಇಪ್ಪತ್ತೈದು ವರ್ಷ. ಕುರಿ ಕಾಯುವ ಮನೆಯವಳು. ತಂದೆ ಭೀಮಶಾ, ಅಣ್ಣ ಅವಿನಾಶ ಇಬ್ಬರೂ ಬೆಳಿಗ್ಗೆ ಹಿಂಡು ಹೊಡೆದುಕೊಂಡು ಹೋದರೆ ತಾಯಿ ಧೂಳಮ್ಮ ಮರಿಗಳನ್ನೂ ಎರಡೆಕರೆ ಹೊಲವನ್ನೂ ನೋಡಿಕೊಳ್ಳುತ್ತಿದ್ದಳು. ಏಳನೇ ಇಯತ್ತೆಯವರೆಗೆ ಬೇಸಿಗೆ ರಜೆ ಬಂತೆಂದರೆ ಪೂನಂ ಕೂಡ ಹಿಂಡಿನ ಹಿಂದೆಯೇ. ಆಮೇಲೆ ಹುಮನಾಬಾದಿನಲ್ಲಿ ಪಿಯುಸಿ, ಬಸವಕಲ್ಯಾಣದಲ್ಲಿ ಬಿಸಿಎ. ಓದು ಮುಗಿದ ಮೇಲೆ ಹುಮನಾಬಾದಿನ ಒಂದು ಕಂಪ್ಯೂಟರ್ ಕ್ಲಾಸಿನಲ್ಲಿ ಪಾಠ ಹೇಳುವ ಕೆಲಸ ಸಿಕ್ಕಿತು. ಬೆಳಿಗ್ಗೆ ಬಸ್ಸಿಗೆ ಹೋಗಿ ಸಂಜೆ ಬಸ್ಸಿಗೆ ಬರುತ್ತಿದ್ದಳು.

ಪ್ರೋಗ್ರಾಮು ಬರೆಯುವುದನ್ನು ಅವಳು ಕಾಲೇಜಿಗಿಂತ ಹೆಚ್ಚಾಗಿ ಕಲಿತದ್ದು ಅಜೀಮುದ್ದೀನ್ ಸರ್ ಹತ್ತಿರ. ಬಸವಕಲ್ಯಾಣದಲ್ಲಿ ಕೋಟೆಯ ಕಡೆ ಹೋಗುವ ರಸ್ತೆಯಲ್ಲಿ ಅವರದು ಎರಡು ಕೋಣೆಯ ಕ್ಲಾಸು. ಮೊದಲು ರೇಡಿಯೊ ರಿಪೇರಿ ಮಾಡುತ್ತಿದ್ದ ಮನುಷ್ಯ, ನಂತರ ಟಿವಿ, ಅದಾದ ಮೇಲೆ ಕಂಪ್ಯೂಟರು. ಬಿಚ್ಚಿ ನೋಡದೆ ಯಾವುದನ್ನೂ ನಂಬುತ್ತಿರಲಿಲ್ಲ. ಪ್ರೋಗ್ರಾಮನ್ನೂ ಹಾಗೆಯೇ ಬಿಚ್ಚಿ ನೋಡಿ ಕಲಿತವರು. ಅರವತ್ತು ದಾಟಿದ್ದರೂ ಹುಡುಗರ ತಪ್ಪು ಹುಡುಕುವಾಗ ಅವರ ಮುಖದಲ್ಲಿ ಹಬ್ಬದ ಖುಷಿ ಇರುತ್ತಿತ್ತು.

ಇನ್ನು ರಿಜಿಸ್ಟರಿನ ವಿಷಯ. ಸುತ್ತಲಿನ ಕುರಿಗಾರರು ಸೇರಿ ಒಂದು ಸಂಘ ಕಟ್ಟಿಕೊಂಡಿದ್ದರು. ನೌಕರಿಯಿಂದ ನಿವೃತ್ತರಾಗಿ ಹುಮನಾಬಾದಿನಲ್ಲಿದ್ದ ದನದ ಡಾಕ್ಟರು ಸತೀಶಕುಮಾರ ಸಂಘದ ಕುರಿಗಳಿಗೆ ವರ್ಷಕ್ಕೊಮ್ಮೆ ಊರೂರಿಗೆ ಬಂದು ಲಸಿಕೆ ಹಾಕುತ್ತಿದ್ದರು. ಪ್ರತಿ ಕುರಿಗೂ ಕಿವಿಯಲ್ಲಿ ನಂಬರಿನ ಓಲೆ. ಆ ನಂಬರು, ಕುರಿಯ ವಯಸ್ಸು, ಯಾರ ಕುರಿ, ಯಾವತ್ತು ಸೂಜಿ ಎಲ್ಲವನ್ನೂ ಅವರು ಒಂದು ದಪ್ಪ ರಿಜಿಸ್ಟರಿನಲ್ಲಿ ಬರೆಯುತ್ತಿದ್ದರು. ಎರಡು ವರ್ಷದ ಹಿಂದೆ ಕೊಡಂಬಲದಲ್ಲಿ ಅರ್ಧ ಕೆಲಸ ಮುಗಿಸಿ ಚಹಾಕ್ಕೆ ಎದ್ದಾಗ ಭೀಮಶಾನ ಟಗರು ರಿಜಿಸ್ಟರಿಗೆ ಬಾಯಿ ಹಾಕಿತು. ಓಡಿ ಬರುವಷ್ಟರಲ್ಲಿ ಆರು ಹಾಳೆ ಹೋಗಿದ್ದವು. ಸೂಜಿಯಾದ ಕುರಿಗಳು ಆಗದ ಕುರಿಗಳೊಳಗೆ ಸೇರಿಬಿಟ್ಟಿದ್ದವು.

ಭೀಮಶಾ ನಾಚಿಕೆಯಿಂದ ತಲೆ ತಗ್ಗಿಸಿ ನಿಂತ. ಡಾಕ್ಟರು ಉಳಿದ ಹಾಳೆಗಳನ್ನು ಜೋಡಿಸುತ್ತ, ಇನ್ನು ಯಾವ ಕುರಿಗೆ ಸೂಜಿ ಆಗಿದೆ ಎಂದು ಆ ಟಗರನ್ನೇ ಕೇಳಬೇಕು ಎಂದರು. ಅಲ್ಲೇ ಒಂದು ಮರಿ ಹಿಡಿದು ನಿಂತಿದ್ದ ಪೂನಂ ಯೋಚನೆ ಮಾಡದೆ ಮಾತಾಡಿದಳು.

"ಫೋನಿನಾಗ ಬರಕೊಂಡ್ರ ಟಗರ ತಿನ್ನಂಗಿಲ್ರಿ, ಡಾಕ್ಟರ್ ಸಾಬ್. ನಾ ಮಾಡಿಕೊಡ್ತೀನಿ."

ಮಾತು ಕೊಟ್ಟಾದ ಮೇಲೆ ಅವಳಿಗೇ ಹೆದರಿಕೆಯಾಯಿತು. ಅಲ್ಲಿಯವರೆಗೆ ಅವಳು ಬರೆದ ಪ್ರೋಗ್ರಾಮುಗಳೆಲ್ಲ ಪರೀಕ್ಷೆಗೆ ಬೇಕಾದವು ಮಾತ್ರ.

ನಾಲ್ಕು ತಿಂಗಳು ಹಿಡಿಯಿತು. ಬಸ್ಸಿನಲ್ಲಿ ಕಿಟಕಿಯ ಪಕ್ಕ ಸೀಟು ಸಿಕ್ಕರೆ ತೊಡೆಯ ಮೇಲೆ ಲ್ಯಾಪ್‌ಟಾಪು, ಸಿಗದಿದ್ದರೆ ನಿಂತುಕೊಂಡೇ ಮನಸ್ಸಿನಲ್ಲಿ ಲೆಕ್ಕಾಚಾರ. ಆ್ಯಪಿಗೆ 'ಹಿಂಡು' ಎಂದು ಹೆಸರಿಟ್ಟಳು. ಕುರಿ ಗೇಟಿನ ಬಳಿ ಬಂದಾಗ ಮುಖ ಮತ್ತು ಕಿವಿಯೋಲೆ ಕಾಣುವಂತೆ ಒಂದು ಫೋಟೊ ತೆಗೆಯಬೇಕು. ನಂಬರನ್ನು ಆ್ಯಪೇ ಓದಿಕೊಳ್ಳುತ್ತದೆ. ಸೂಜಿ ಹಾಕಿದ ಕೂಡಲೇ ಒಂದು ಗುಂಡಿ ಒತ್ತಿದರೆ ದಿನಾಂಕ ಬರೆದುಕೊಳ್ಳುತ್ತದೆ. ಅವಿನಾಶನ ಹಳೆಯ ಫೋನಿನಲ್ಲೂ ನಡೆಯುವಂತೆ ಮಾಡಿದಳು. ಕುರಿಗಾರರ ಹತ್ತಿರ ಇರುವುದು ಅಂಥ ಫೋನುಗಳೇ.

ಮನೆಯ ನೂರಾ ಮೂವತ್ತೆರಡು ಕುರಿಗಳ ಫೋಟೊ ತೆಗೆದು ನೋಡಿದಳು. ಎಲ್ಲ ಸರಿಯಾಗಿತ್ತು. ಸಂಜೆ ಭೀಮಶಾ ಬಂದು ಕೂತಾಗ ಪಕ್ಕದಲ್ಲಿ ಕೂತು ಒಂದೊಂದೇ ಫೋಟೊ ಹಿಂದಕ್ಕೆ ಸರಿಸುತ್ತ ತೋರಿಸಿದಳು. ಅವನು ಓಲೆಯ ನಂಬರಿನ ಕಡೆ ಕಣ್ಣೇ ಹಾಕಲಿಲ್ಲ. ಇದು ಮೂಗಿನ ಮೇಲೆ ಬಿಳಿ ಇರುವುದರ ಮಗಳು, ಇದು ಹೋದ ವರ್ಷ ಬಾವಿಗೆ ಬಿದ್ದು ಬದುಕಿದ್ದು ಎಂದು ಮುಖ ನೋಡಿಯೇ ಹೇಳಿದ. ಮಗಳಿಗೆ ಎಷ್ಟು ಸಂತೋಷವಾಯಿತೆಂದರೆ ಅವತ್ತೇ ಆ್ಯಪಿಗೆ ಇನ್ನೊಂದು ಸೌಕರ್ಯ ಸೇರಿಸಿದಳು. ಆ ದಿನ ತೆಗೆದ ಯಾವ ಫೋಟೊ ಆದರೂ ಬೆರಳು ಸರಿಸಿದ ಕೂಡಲೇ ಥಟ್ಟನೆ ಬರಬೇಕು. ಅದಕ್ಕಾಗಿ ತೆಗೆದ ಫೋಟೊಗಳನ್ನೆಲ್ಲ ಒಂದು ಪಟ್ಟಿಯಲ್ಲಿ ಸೇರಿಸುತ್ತ ಹೋಗುವಂತೆ ಮಾಡಿದಳು. ಕೋಡಿನಲ್ಲಿ ಆ ಸಾಲಿನ ಮೇಲೆ ತನ್ನ ನೆನಪಿಗೆಂದು 'ಅಪ್ಪನಿಗಾಗಿ' ಎಂದು ಬರೆದಳು.

ಮೊದಲ ಶಿಬಿರ ಮನ್ನಾಏಖೇಳ್ಳಿಯಲ್ಲಿ, ಹೈವೇ ಪಕ್ಕದ ಖಾಲಿ ಹೊಲದಲ್ಲಿ. ಐದು ಮನೆಗಳ ಆರು ನೂರು ಕುರಿಗಳು ಬಂದಿದ್ದವು. ಮುಳ್ಳಿನ ಬೇಲಿ ಹಾಕಿ, ಒಂದೊಂದೇ ಕುರಿ ಹಾಯುವಷ್ಟು ದಾರಿ ಬಿಟ್ಟಿದ್ದರು. ಒಂದು ಕಡೆ ಫೋನು ಹಿಡಿದು ಪೂನಂ, ಇನ್ನೊಂದು ಕಡೆ ಸೂಜಿ ಹಿಡಿದು ಡಾಕ್ಟರು.

ನೂರರವರೆಗೆ ಕೆಲಸ ನೀರು ಹರಿದಂತೆ ಹರಿಯಿತು. ನೂರೈವತ್ತಾಗುವಾಗ ಗುಂಡಿ ಒತ್ತಿದರೆ ಫೋಟೊ ತುಸು ತಡವಾಗಿ ಬೀಳತೊಡಗಿತು. ಬಿಸಿಲಿಗೆ ಫೋನು ಕಾದಿರಬೇಕೆಂದು ಸೆರಗಿನ ನೆರಳು ಹಿಡಿದಳು. ಇನ್ನೂರ ಹನ್ನೊಂದನೇ ಕುರಿಗೆ ಪರದೆ ಬೆಳ್ಳಗಾಗಿ ಆ್ಯಪು ಮುಚ್ಚಿಕೊಂಡಿತು. ಮತ್ತೆ ತೆರೆದಳು. ಚುರುಕಾಗಿಯೇ ಶುರುವಾಯಿತು, ಅಲ್ಲಿಂದ ಇನ್ನೂರ ಎಂಟು ಕುರಿಯಾದ ಮೇಲೆ ಮತ್ತೆ ಸತ್ತಿತು. ಪ್ರತಿ ಸಲ ಮುಚ್ಚಿಕೊಂಡಾಗಲೂ ಕೊನೆಯ ಮೂರು ನಾಲ್ಕು ಕುರಿಗಳ ವಿವರ ಉಳಿಯುತ್ತಿರಲಿಲ್ಲ. ಆ ಕುರಿಗಳೋ ಸೂಜಿ ಹಾಕಿಸಿಕೊಂಡು ಹಿಂಡಿನೊಳಗೆ ನುಗ್ಗಿಬಿಟ್ಟಿರುತ್ತಿದ್ದವು. ಅವನ್ನು ಹುಡುಕಿ ಹಿಡಿದು ತರುವುದರಲ್ಲಿ ಕುರಿಗಾರರು ಬೆವತುಹೋದರು. ಬೈಯುವ ಬದಲು ಅವಳಿಗೇ ಕುಡಿಯಲು ನೀರು ತಂದುಕೊಟ್ಟರು. ಅದರಿಂದಲೇ ಅವಳಿಗೆ ಹೆಚ್ಚು ನೋವಾಯಿತು.

ಡಾಕ್ಟರು ಚೀಲದಿಂದ ಒಂದು ನೋಟುಬುಕ್ಕು ತೆಗೆದರು. "ಇವತ್ತ ಪೆನ್ನಿಲೇ ಮುಗಸೂಣು, ಪೂನಂ. ನೀ ಓಲಿ ನಂಬರ ಓದು, ನಾ ಬರೀತೀನಿ."

ಉಳಿದ ಹೊತ್ತೆಲ್ಲ ಅವಳು ಕುರಿಗಳ ಕಿವಿ ಹಿಡಿದು ನಂಬರು ಕೂಗಿದಳು. ಕೆಲಸ ಮುಗಿದಾಗ ಗಂಟಲು ಕಟ್ಟಿತ್ತು.

ಮುಂದಿನ ಭಾನುವಾರ ಬಸವಕಲ್ಯಾಣದ ಬಸ್ಸು ಹತ್ತಿದಳು. ಅಜೀಮುದ್ದೀನ್ ಸರ್ ಕೋಡು ನೋಡುವ ಮೊದಲು ಎಲ್ಲ ಕೇಳಿಕೊಂಡರು. ಎಷ್ಟನೇ ಕುರಿಗೆ ನಿಂತಿತು? ಪ್ರತಿ ಸಲವೂ ಇನ್ನೂರರ ಆಸುಪಾಸಿಗೇ ನಿಂತಿತೇ? ಮತ್ತೆ ತೆರೆದಾಗ ಮೊದಲಿನಂತೆ ಚುರುಕಾಯಿತೇ? ಹೌದೆಂದಳು.

"ಹಂಗಾದ್ರ ಅದು ಕೆಟ್ಟಿಲ್ಲ, ಬೇಟಾ. ತುಂಬ್ಯಾದ," ಎಂದರು ಸರ್.

ಆಮೇಲೆ ಕುರ್ಚಿ ಹತ್ತಿರ ಎಳೆದುಕೊಂಡು ವಿವರಿಸಿದರು. ಪ್ರೋಗ್ರಾಮು ಓಡುವಾಗ ಒಂದೊಂದು ಫೋಟೊಕ್ಕೂ ಫೋನಿನ ಮೆಮೊರಿಯಲ್ಲಿ ಇಷ್ಟು ಅಂತ ಜಾಗ ಬೇಕು. ಕೆಲಸ ಮುಗಿದವನ್ನು ತೆಗೆದು ಜಾಗ ಖಾಲಿ ಮಾಡಲು ಒಳಗೆ ಒಬ್ಬ ಕಸ ಗುಡಿಸುವವನಿದ್ದಾನೆ; ಗಾರ್ಬೇಜ್ ಕಲೆಕ್ಟರ್ ಎಂದು ಅವನ ಹೆಸರು. ಅವನು ಆಗಾಗ ಒಂದು ಸುತ್ತು ಹಾಕಿ, ಯಾವ ವಸ್ತುವಿನ ಕಡೆ ಪ್ರೋಗ್ರಾಮಿನ ಯಾವ ಹೆಸರೂ ಬೆರಳು ಮಾಡಿಲ್ಲವೋ ಅದನ್ನು ಒಯ್ಯುತ್ತಾನೆ. ಆ ಬೆರಳಿಗೆ ರೆಫರೆನ್ಸ್ ಎನ್ನುತ್ತಾರೆ. ಒಂದೇ ಒಂದು ಬೆರಳು ಉಳಿದಿದ್ದರೂ ಆ ವಸ್ತುವನ್ನು ಅವನು ಮುಟ್ಟುವುದಿಲ್ಲ.

"ನೀ ಕೈಯಾಗ ಹಿಡಕೊಂಡಿದ್ದು ಅವನಿಗೆ ಕಸ ಅಲ್ಲ. ಅದು ನಿನಗ ಬೇಕಾಗ್ಯಾದೋ ಇಲ್ಲೋ ಅಂವಗೇನು ಗೊತ್ತು? ಕೈ ಬಿಟ್ರ ಒಯ್ತಾನ."

"ಕೈ ಬಿಡೋದು ಹ್ಯಾಂಗ್ರಿ, ಸರ್?"

ಆ ಹೆಸರಿಗೆ 'ನಲ್' ಎಂದು ಬರೆದರೆ ಅದು ಯಾವುದರ ಕಡೆಗೂ ಬೆರಳು ಮಾಡುವುದಿಲ್ಲ, ಖಾಲಿಯಾಗುತ್ತದೆ ಎಂದರು. ಇನ್ನೂ ಏನೋ ಹೇಳುವವರಿದ್ದರು. ಅಷ್ಟರಲ್ಲಿ ಮುಂದಿನ ತಂಡದ ಹುಡುಗರು ಬಂದರು, ಪೂನಂಗೂ ಬಸ್ಸಿನ ಹೊತ್ತಾಗಿತ್ತು. ಅರ್ಧ ಪಾಠ ಹೊತ್ತುಕೊಂಡು ಓಡಿದಳು.

ಬಸ್ಸು ಹುಮನಾಬಾದ್ ಮುಟ್ಟುವುದರೊಳಗೆ ಕೋಡಿನ ತುಂಬ ನಲ್ ಬರೆದು ಮುಗಿಸಿದಳು. ಫೋಟೊ ತೆಗೆದ ಮೇಲೆ ನಲ್, ನಂಬರು ಓದಿದ ಮೇಲೆ ನಲ್, ಕಂಡಲ್ಲೆಲ್ಲ ನಲ್. ಎಣಿಸಿದರೆ ನಲವತ್ತೇಳು. ಮರುದಿನ ಬೆಳಿಗ್ಗೆ ಹಿಂಡು ಹೊರಡುವ ಮೊದಲು ದೊಡ್ಡಿಯ ಬಾಗಿಲಲ್ಲಿ ಫೋನು ಹಿಡಿದು ನಿಂತಳು. ಮೊದಲನೆಯದು ಆಯಿತು, ಎರಡನೆಯದು ಆಯಿತು. ಮೂರನೇ ಕುರಿಗೆ ಆ್ಯಪು ಮುಚ್ಚಿಕೊಂಡಿತು. ಮನ್ನಾಏಖೇಳ್ಳಿಯಲ್ಲಿ ಇನ್ನೂರಾದರೂ ನಡೆದಿತ್ತು, ಇಲ್ಲಿ ಮೂರಕ್ಕೇ ಮುಗಿಯಿತು. ಅವಿನಾಶ ಹಿಂಡು ಹೊಡೆಯುತ್ತ, ಸುಧಾರಣೆ ಚೆನ್ನಾಗಿದೆ ಎಂದು ಹಂಗಿಸಿ ಹೋದ.

ತಪ್ಪು ಏನೆಂಬುದು ಬೇಗ ಸಿಕ್ಕಿತು. ತೆಗೆದ ಫೋಟೊವನ್ನು ಕಾಯಂ ಉಳಿಸಲು ಫೋನಿನ ಎಸ್‌ಡಿ ಕಾರ್ಡಿಗೆ ಬರೆಯುವ ಕೆಲಸ ಹಿನ್ನೆಲೆಯಲ್ಲಿ ನಿಧಾನಕ್ಕೆ ನಡೆಯುತ್ತಿತ್ತು. ಅದು ಮುಗಿಯುವ ಮೊದಲೇ ಅವಳು ಆ ಹೆಸರನ್ನು ಖಾಲಿ ಮಾಡಿಬಿಟ್ಟಿದ್ದಳು. ಬರೆಯುವ ಕೆಲಸ ಫೋಟೊ ಹುಡುಕಿಕೊಂಡು ಬಂದಾಗ ಅಲ್ಲಿ ಏನೂ ಇರಲಿಲ್ಲ. ಸರ್‌ಗೆ ಫೋನು ಮಾಡಿ ಒಪ್ಪಿಕೊಂಡಳು. ಅವರು ನಗತೊಡಗಿದರು. ನಗು ಕೇಳಿ ಕೇಳಿ ಅವಳಿಗೂ ನಗು ಬಂತು.

"ಉಣ್ಣೋರ ಮುಂದಿನ ತಾಟ ಕಸಗೊಂಡಿಯಲ್ಲ, ಬೇಟಾ," ಎಂದರು. "ಎಲ್ಲಾ ಕಡೆ ನಲ್ ಬ್ಯಾಡ. ಒಂದು ಕೆಲಸದೊಳಗ ಹುಟ್ಟಿದ ಹೆಸರು ಆ ಕೆಲಸ ಮುಗಿದ ಕೂಡ್ಲೆ ತಾನೇ ಹೋಗ್ತದ. ಅದರ ಚಿಂತಿ ನಿನಗ್ಯಾಕ? ಮುಂಜಾನಿಂದ ಸಂಜಿ ತನಕ ಕೂಡೋದು ಯಾವುದದ, ಅದನ್ನ ಹುಡುಕು."

ಮೆಮೊರಿಯಲ್ಲಿ ಯಾವುದನ್ನು ಯಾವುದು ಹಿಡಿದುಕೊಂಡಿದೆ ಎಂದು ತೋರಿಸುವ ಒಂದು ಸಾಧನವಿದೆ. ಕ್ಲಾಸಿನಲ್ಲಿ ಮಧ್ಯಾಹ್ನದ ಬಿಡುವಿನಲ್ಲಿ ಅವಳು ಅದನ್ನು ತೆರೆದಳು. ಹೊಸದಾಗಿ ಬರೆದ ನಲ್‌ಗಳನ್ನೆಲ್ಲ ಮೊದಲು ತೆಗೆದುಹಾಕಿ, ಹಳೆಯ ಆ್ಯಪಿಗೆ ನೂರು ಫೋಟೊ ಕೊಟ್ಟು ನೋಡಿದಳು. ನೂರೂ ಮೆಮೊರಿಯಲ್ಲೇ ಕೂತಿದ್ದವು. ನೂರರ ಮೇಲೂ ಒಂದೇ ಪಟ್ಟಿಯ ಬೆರಳು. ಆ ಪಟ್ಟಿ ಎಲ್ಲಿ ಹುಟ್ಟಿದೆ ಎಂದು ಹುಡುಕುತ್ತ ಹೋದರೆ ಕೋಡಿನಲ್ಲಿ ತನ್ನದೇ ಅಕ್ಷರ ಕಣ್ಣಿಗೆ ಬಿತ್ತು: 'ಅಪ್ಪನಿಗಾಗಿ'.

ಪಟ್ಟಿ ಕೈ ಬಿಡದ ಹೊರತು ಆ್ಯಪು ಉಳಿಯುವುದಿಲ್ಲ. ಬಿಟ್ಟರೆ ಅಪ್ಪ ಬೆರಳು ಸರಿಸಿದ ಕೂಡಲೇ ಫೋಟೊ ಬರುವುದಿಲ್ಲ. ಕಾರ್ಡಿನಿಂದ ತೆಗೆದು ತರುವಷ್ಟು ಹೊತ್ತು ಕಾಯಬೇಕು. ಅವನು ಫೋನಿನಲ್ಲಿ ಖುಷಿಯಿಂದ ನೋಡಿದ್ದು ಅದೊಂದೇ. ಮನೆಗೆ ಹೋಗಿ ಹೇಗೆ ಹೇಳುವುದೆಂದು ದಾರಿಯುದ್ದಕ್ಕೂ ಮಾತು ಜೋಡಿಸಿದಳು.

ಭೀಮಶಾ ಕಟ್ಟೆಯ ಮೇಲೆ ಕೂತು ಒಂದು ಮರಿಯ ಕಾಲಿನ ಮುಳ್ಳು ತೆಗೆಯುತ್ತಿದ್ದ. ಪೂನಂ ಮೆಲ್ಲಗೆ ವಿಷಯ ಎತ್ತಿದಳು. ಫೋಟೊಗಳೆಲ್ಲ ಇರುತ್ತವೆ, ಆದರೆ ಹಳೆಯವು ಬರುವುದು ಸ್ವಲ್ಪ ನಿಧಾನವಾಗುತ್ತದೆ, ಅವನಿಗೆ ಬೇಜಾರಾದೀತೋ ಏನೋ ಎಂದಳು. ಅವನು ಮುಳ್ಳಿನಿಂದ ಕಣ್ಣು ತೆಗೆಯಲಿಲ್ಲ.

"ನೀ ತೋರಸಾಕತ್ತಿದ್ದಿ ಅಂತ ನೋಡ್ದೆ, ಯವ್ವಾ. ನನ್ನ ಕುರಿ ಮುಖ ನನಗ ಫೋನು ತೋರಸ್ಬೇಕೇನು?"

ಒಳಗೆ ರೊಟ್ಟಿ ಬಡಿಯುತ್ತಿದ್ದ ಧೂಳಮ್ಮನ ನಗು ಹೊರಗೆ ಕೇಳಿಸಿತು. ಆ ಸಂಜೆ ಗಂಡ ಅಷ್ಟು ಹೊತ್ತು ಫೋನು ನೋಡಿ, ಆಮೇಲೆ ಕಣ್ಣು ಉರಿಯುತ್ತಿದೆ ಎಂದು ತಣ್ಣೀರು ಹಾಕಿಸಿಕೊಂಡಿದ್ದನೆಂದು ಅವಳು ಈಗ ಬಯಲು ಮಾಡಿದಳು. ಮಗಳ ಮನಸ್ಸಿಗೆ ನೋವಾದೀತೆಂದು ಹೇಳಿರಲಿಲ್ಲವಂತೆ.

ಮುಂದಿನ ಕೆಲಸ ಒಂದೇ ದಿನದ್ದು. ಪಟ್ಟಿಯಲ್ಲಿ ಕೊನೆಯ ಐದು ಫೋಟೊ ಮಾತ್ರ ಇರುವಂತೆ ಮಾಡಿದಳು. ತಪ್ಪಾದರೆ ಡಾಕ್ಟರು ಹಿಂದೆ ಹೋಗಿ ತಿದ್ದಲು ಅಷ್ಟು ಸಾಕು. ಆರನೆಯದು ಒಳಗೆ ಬಂದರೆ ಮೊದಲನೆಯದು ಪಟ್ಟಿಯಿಂದ ಹೊರಬೀಳಬೇಕು. ಫೋಟೊ ಹಿಡಿದುಕೊಂಡ ಹೆಸರಿಗೆ ನಲ್ ಬರೆದಳು, ಆದರೆ ಕಾರ್ಡಿಗೆ ಬರೆದು ಮುಗಿದ ನಂತರವೇ. ನಲವತ್ತೇಳು ಇದ್ದಲ್ಲಿ ಮೂರೇ ನಲ್ ಉಳಿದವು.

ಪರೀಕ್ಷೆ ಮಾಡಲು ಸಾವಿರ ಕುರಿ ಬೇಕು, ಮನೆಯಲ್ಲಿದ್ದದ್ದು ನೂರಾ ಮೂವತ್ತೆರಡು. ಅದೇ ಹಿಂಡನ್ನು ಎಂಟು ಸಲ ಹಾಯಿಸುವುದೆಂದು ಅವಳು ತೀರ್ಮಾನಿಸಿದಳು. ರಜೆಯ ದಿನ ನೋಡಿ ಅವಿನಾಶ ಹಿಂದಿನಿಂದ ಹೊಡೆದ, ಭೀಮಶಾ ಮುಂದೆ ನಿಂತು ತಿರುಗಿಸಿದ. ಮೂರನೇ ಸುತ್ತಿಗೆ ಕುರಿಗಳು ಗೊಂದಲಗೊಂಡು ನಿಂತವು. ನಾಲ್ಕನೇ ಸುತ್ತಿಗೆ ಒಂದು ಮುದಿ ಕುರಿ ದಾರಿ ಹಿಡಿದು ತಾನೇ ಸುತ್ತತೊಡಗಿತು, ಉಳಿದವು ಅದರ ಹಿಂದೆ. ಕುರಿಗಳಿಗೆ ಹುಚ್ಚು ಹಿಡಿಸುತ್ತೀರಿ ಎಂದು ಧೂಳಮ್ಮ ಬೈದಳು. ಬೈಯುತ್ತಲೇ ಬಂದು ಸಾಲು ತಪ್ಪಿದ ಮರಿಗಳನ್ನು ಒಳಗೆ ತಳ್ಳುತ್ತ ನಿಂತಳು.

ಪೂನಂ ಲ್ಯಾಪ್‌ಟಾಪಿನಲ್ಲಿ ಮೆಮೊರಿಯ ಗೆರೆ ನೋಡುತ್ತಿದ್ದಳು. ಹಿಂದೆ ಅದು ಏರುತ್ತಲೇ ಹೋಗುತ್ತಿತ್ತು. ಈಗ ಏರಿತು, ಏರಿತು, ಒಮ್ಮೆಲೇ ಕೆಳಗೆ ಇಳಿಯಿತು. ಮತ್ತೆ ಏರಿತು, ಮತ್ತೆ ಇಳಿಯಿತು. ಕಣ್ಣಿಗೆ ಕಾಣದ ಆ ಗುಡಿಸುವವನು ಬಂದು ಹೋಗುತ್ತಿರುವುದು ಅವಳಿಗೆ ಸ್ಪಷ್ಟವಾಗಿ ತಿಳಿಯುತ್ತಿತ್ತು. ಐದು ನೂರು ದಾಟಿತು. ಏಳು ನೂರು ದಾಟಿತು. ಸಾವಿರದ ಐವತ್ತಾರನೇ ಫೋಟೊ ಮೊದಲನೆಯದರಷ್ಟೇ ಚುರುಕಾಗಿ ಬಿತ್ತು. ಅವಳು ಲ್ಯಾಪ್‌ಟಾಪು ನೆಲಕ್ಕಿಟ್ಟು ತಾಯಿಯ ಎರಡೂ ಕೈ ಹಿಡಿದು ಒಂದು ಸುತ್ತು ತಿರುಗಿಸಿದಳು. ಧೂಳಮ್ಮನ ಕೈಯಲ್ಲಿದ್ದ ಮರಿ ಜಾರಿ ಓಡಿತು.

ಎರಡು ವಾರದ ನಂತರ ಕೊಡಂಬಲದಲ್ಲಿ ದೊಡ್ಡ ಶಿಬಿರ. ಡಾಕ್ಟರು ನೋಟುಬುಕ್ಕು ತಂದಿದ್ದರು. ಅಜೀಮುದ್ದೀನ್ ಸರ್ ಬೆಳಗಿನ ಬಸ್ಸಿಗೇ ಬಂದಿದ್ದರು. ಬರಲು ಹೇಳಿದವರು ಯಾರೂ ಇರಲಿಲ್ಲ. ತಾನು ಪಾಠ ಹೇಳಿದ ಪ್ರೋಗ್ರಾಮು ಬಿಸಿಲಿನಲ್ಲಿ ಓಡುವುದನ್ನು ನೋಡಬೇಕೆನಿಸಿತು ಎಂದರು. ಧೂಳಮ್ಮ ಅವರಿಗೆ ಬೇವಿನ ನೆರಳಲ್ಲಿ ಕಂಬಳಿ ಹಾಸಿಕೊಟ್ಟಳು. ಅವರು ಕಂಬಳಿಯ ಮೇಲೆ ಹತ್ತು ನಿಮಿಷವೂ ಕೂಡಲಿಲ್ಲ, ಪೂನಂ ಹಿಂದೆ ಬಂದು ನಿಂತು ಪರದೆ ನೋಡತೊಡಗಿದರು.

ಇನ್ನೂರು ಹತ್ತಿರ ಬಂದಾಗ ಡಾಕ್ಟರು ಸೂಜಿ ಹಾಕುತ್ತಲೇ ಒಮ್ಮೆ ಅವಳ ಕಡೆ ನೋಡಿದರು. ಇನ್ನೂರ ಹತ್ತು, ಹನ್ನೊಂದು, ಹನ್ನೆರಡು. ಆ್ಯಪು ನಿಲ್ಲಲಿಲ್ಲ. ಮುನ್ನೂರಾದ ಮೇಲೆ ಅವಳು ಎಣಿಸುವುದನ್ನೇ ಬಿಟ್ಟಳು. ಮಧ್ಯಾಹ್ನ ಊಟದ ಹೊತ್ತಿಗೆ ಆರು ನೂರ ಮೂವತ್ತು ಆಗಿತ್ತು. ಡಾಕ್ಟರು ಬರೆಯದ ನೋಟುಬುಕ್ಕನ್ನು ಜೋಳದ ರೊಟ್ಟಿಯ ಬುಟ್ಟಿಗೆ ಮುಚ್ಚಳ ಮಾಡಿದ್ದರು.

ಬಿಸಿಲು ಇಳಿಯುವ ಮೊದಲೇ ಸಾವಿರದ ನೂರ ಅರವತ್ತನಾಲ್ಕು ಕುರಿಗಳಿಗೆ ಸೂಜಿಯಾಯಿತು. ರಿಜಿಸ್ಟರಿನಲ್ಲಿ ಬರೆಯುತ್ತ ಹೋಗಿದ್ದರೆ ಹೆಚ್ಚುಕಡಿಮೆ ಎರಡು ದಿನದ ಕೆಲಸ. ಒಂದು ಕುರಿಯನ್ನೂ ಮತ್ತೆ ಹುಡುಕಿ ಹಿಡಿಯಬೇಕಾಗಲಿಲ್ಲ. ಡಾಕ್ಟರು ಕೈ ತೊಳೆದುಕೊಂಡು ಬಂದು, ಬರುವ ತಿಂಗಳು ಬಸವಕಲ್ಯಾಣದ ಕಡೆಯ ಶಿಬಿರಗಳಿಗೂ ಇದೇ ಬೇಕು, ನಡೆಸುವುದನ್ನು ಇನ್ನೂ ನಾಲ್ಕು ಜನರಿಗೆ ಕಲಿಸಬೇಕು ಎಂದರು. ಪೂನಂ ಹೂಂ ಎಂದಳು. ಮುಖದ ತುಂಬ ಧೂಳು, ಧೂಳಿನೊಳಗೆ ನಗು.

ಕುರಿಗಾರರಿಗೆ ಅಜೀಮುದ್ದೀನ್ ಸರ್ ಬಹಳ ಹಿಡಿಸಿದ್ದರು. ಅವರದೂ ಒಂದು ಫೋಟೊ ಆಗಲಿ ಎಂದು ಹಟ ಹಿಡಿದರು. ಸರ್ ಟೊಪ್ಪಿಗೆ ಸರಿಮಾಡಿಕೊಂಡು ಬೇಲಿಯ ದಾರಿಯಲ್ಲಿ ಗಂಭೀರವಾಗಿ ನಿಂತರು. ಪೂನಂ ಗುಂಡಿ ಒತ್ತಿದಳು. ಆ್ಯಪು ಒಂದು ಕ್ಷಣ ತಡೆದು, ಕಿವಿಯೋಲೆ ಕಾಣುತ್ತಿಲ್ಲ, ಮುಖ ತಿರುಗಿಸಿ ಹಿಡಿಯಿರಿ ಎಂದಿತು. ಬೇಲಿಯ ಆಚೆ ಈಚೆ ಇದ್ದವರೆಲ್ಲ ಬಿದ್ದು ಬಿದ್ದು ನಕ್ಕರು. ಸರ್ ನಗಲಿಲ್ಲ. ಸಂದೇಶ ಸರಿಯಾಗಿದೆ, ಪ್ರೋಗ್ರಾಮು ತನ್ನ ಕೆಲಸ ತಪ್ಪದೆ ಮಾಡಿದೆ ಎಂದು ಒಪ್ಪಿಗೆ ಕೊಟ್ಟು, ಆಮೇಲೆ ತಾವೂ ನಕ್ಕರು.

ಈಗ 'ಹಿಂಡು' ಹನ್ನೊಂದು ಊರುಗಳಲ್ಲಿ ನಡೆಯುತ್ತಿದೆ. ಮನ್ನಾಏಖೇಳ್ಳಿಯ ಇಬ್ಬರು ಹೆಣ್ಣುಮಕ್ಕಳು ಅದನ್ನು ಪೂನಂಗಿಂತ ಚುರುಕಾಗಿ ನಡೆಸುತ್ತಾರೆ. ಹುಮನಾಬಾದಿನ ಕ್ಲಾಸಿನಲ್ಲಿ ರೆಫರೆನ್ಸಿನ ಪಾಠ ಬಂದಾಗ ಅವಳು ಮೊದಲು ತನ್ನ ನಲವತ್ತೇಳು ನಲ್‌ಗಳ ಕೋಡನ್ನು ಬೋರ್ಡಿನ ಮೇಲೆ ಹಾಕಿ, ಇದರಲ್ಲಿ ಏನು ತಪ್ಪಿದೆ ಹೇಳಿರಿ ಎನ್ನುತ್ತಾಳೆ. ಬರೆದವರು ಯಾರೆಂದು ಮಕ್ಕಳು ಕೇಳಿದರೆ ನಾನೇ ಎನ್ನುತ್ತಾಳೆ. ಅಲ್ಲಿಂದ ಮುಂದೆ ಅವರು ತಪ್ಪು ಹುಡುಕುವ ಉತ್ಸಾಹ ನೋಡಬೇಕು. ಗಂಟೆ ಹೊಡೆದರೂ ಯಾರೂ ಏಳುವುದಿಲ್ಲ.